ಮುಕ್ಕಾಲು ಮೊಳದ ಮಹಾಮಂಡಲ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಶುಕ್ರವಾರ ನನ್ನ ಹೆಂಡತಿಯ ಮುಡಿಗೆ ಬೇರೆಯವರು ಕಟ್ಟಿದ ಹೂವನ್ನು ಏರಿಸಿಯೇ ತೀರುತ್ತೇನೆ! ಹೀಗೆಂದು ನಾನು ಅದರ ಹಿಂದಿನ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ತೀರ್ಮಾನಿಸಿದೆ. ಸಮಯವನ್ನು ಇಷ್ಟು ಕರಾರುವಾಕ್ಕಾಗಿ ಹೇಳುತ್ತಿರುವುದಕ್ಕೆ ಕಾರಣ, ನಾನು ವರದಿಗಾರ. ಕೋಲಾರದ ದಿನಪತ್ರಿಕೆಯೊಂದಕ್ಕೆ ಇಪ್ಪತ್ತೆಂಟು ವರ್ಷಗಳಿಂದ ವಿಶೇಷ ವರದಿ ಬರೆಯುತ್ತಿದ್ದೇನೆ. ಜಿಲ್ಲೆಯಲ್ಲಿ ಯಾವುದೇ ಸುದ್ದಿಯ ಮೂಲ ಎಲ್ಲಿದೆ ಎಂದು ವಾಸನೆಯಿಂದಲೇ ಹೇಳಬಲ್ಲೆ ಎಂಬ ಹೆಗ್ಗಳಿಕೆ ನನಗಿತ್ತು. 'ಇತ್ತು' ಎಂಬ ಪದವನ್ನು ದಯವಿಟ್ಟು ಗಮನಿಸಿ.

ಹೆಂಡತಿಗೆ ಹೂ ಮುಡಿಸುವುದು ಏನು ಮಹಾ ಸಾಹಸ ಎಂದು ನೀವು ಕೇಳಬಹುದು. ನಿಮ್ಮ ಹೆಂಡತಿಗಾದರೆ ಸಾಹಸವಲ್ಲ. ನನ್ನ ಹೆಂಡತಿ ಮುನಿಲಕ್ಷ್ಮಿಗೆ ಹಳೇ ಬಸ್ ನಿಲ್ದಾಣದ ಬಳಿ ಹೂವಿನ ಅಂಗಡಿ ಇದೆ. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಮದುವೆಗಳಿಗೆ ಅವಳದೇ ಹಾರ. ಹೂ ಮಾರುವವಳಿಗೆ ಯಾರು ಹೂ ಕೊಡುತ್ತಾರೆ? ಪಕ್ಕದ ಅಂಗಡಿಯಲ್ಲಿ ಒಂದು ಮೊಳ ಕೊಂಡು ತಂದರೆ, "ಹೂವಮ್ಮನ ಗಂಡನೇ ಅವಳ ಹೂ ಬೇಡ ಅಂದ" ಎಂದು ಸಂಜೆಯೊಳಗೆ ಬಸ್ ನಿಲ್ದಾಣವೆಲ್ಲ ಮಾತಾಡಿಕೊಳ್ಳುತ್ತದೆ. ಅವಳದೇ ಅಂಗಡಿಯಲ್ಲಿ ಕೊಂಡರೆ, ಕಟ್ಟುವವಳು ಅವಳೇ! ಹೀಗಾಗಿ ಅವಳು ದಿನವೂ ಮುಡಿಯುವುದು ಸಂಜೆ ಬುಟ್ಟಿಯ ತಳದಲ್ಲಿ ಉಳಿದ, ಯಾರಿಗೂ ಬೇಡವಾದ ಬೆರಳುದ್ದದ ತುಂಡನ್ನು.

ಆ ಭಾನುವಾರ ವರಮಹಾಲಕ್ಷ್ಮಿ ಹಬ್ಬ ಮುಗಿದು ಎರಡು ದಿನವಾಗಿತ್ತು. ದಾರ ಎಳೆದೆಳೆದು ಅವಳ ತೋರುಬೆರಳು ಸೀಳಿತ್ತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಒದ್ದೆ ಗೋಣಿತಾಟಿನ ಮೇಲೆ ಮಲ್ಲಿಗೆ ಮೊಗ್ಗು ಅರಳಲೋ ಬೇಡವೋ ಎಂಬಂತೆ ಮಲಗಿತ್ತು. ಬಿಸಿಲು ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಹಳದಿಯಾಗಿ ಸೋಸಿ ಬರುತ್ತಿತ್ತು. ಅವಳ ಕಣ್ಣು ಮುಚ್ಚಿತ್ತು, ಬೆರಳುಗಳು ಮಾತ್ರ ತಮ್ಮ ಪಾಡಿಗೆ ಕಟ್ಟುತ್ತಿದ್ದವು. ನಿದ್ದೆಯಲ್ಲಿದ್ದಾಳೆ ಎಂದುಕೊಂಡೆ.

"ರೀ, ಒಂದು ಕೇಳ್ಲಾ?" ಎಂದಳು, ಕಣ್ಣು ತೆರೆಯದೆ.

"ಕೇಳು."

"ಬೇರೆಯೋರು ಕಟ್ಟಿದ ಹೂ ಮುಡ್ಕೊಂಡ್ರೆ ಹೆಂಗಿರ್ತದೆ?"

"ನಿನಗೆ ಗೊತ್ತಿಲ್ವೇನೇ?"

"ನಮ್ಮ ಮದ್ವೆ ದಿನ ಮುಡ್ಕೊಂಡಿದ್ದೆ. ಬಾಳೆನಾರಲ್ಲಿ ಕಟ್ಟಿದ್ರು, ನಡುನಡುವೆ ಮರುಗ ಇಟ್ಟು. ಆಮೇಲೆ ಮುಡಿದಿದ್ದೆಲ್ಲಾ ನಂದೇ ಕಟ್ಟು. ನಾನು ಕಟ್ಟಿದ್ದು ನನಗೆ ವಾಸನೇನೇ ಬರಲ್ಲ ಕಣ್ರೀ."

ಇಷ್ಟು ಹೇಳಿ ಅವಳು ದಾರ ಕಡಿದು, ಮುಂದಿನ ಮೊಳಕ್ಕೆ ಕೈ ಹಾಕಿದಳು. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ನಾನು ಮನಸ್ಸಿನಲ್ಲೇ ಎದ್ದು ನಿಂತೆ. ಏಕೆಂದರೆ ನನ್ನ ಕೈಯಲ್ಲಿ ಒಂದು ಮಹಾ ಅಸ್ತ್ರವಿತ್ತು: ಚತುರ್ನಗರ ಪುಷ್ಪ ಮಹಾಮಂಡಲ!

ಈ ಮಹಾಮಂಡಲದ ಬಗ್ಗೆ ಸ್ವಲ್ಪ ಹೇಳಬೇಕು. ಕಳೆದ ಯುಗಾದಿಯ ಹೊತ್ತಿಗೆ ವೇಮಗಲ್‌ನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ನಂದೀಶ್ ಎಂಬಾತ ನಮ್ಮ ಅಂಗಡಿಗೆ ಬಂದು, ಮುನಿಸಿಕೊಂಡು ಬೈರಕೂರಿನ ತವರಲ್ಲಿ ಕುಳಿತಿದ್ದ ಹೆಂಡತಿಗೆ ಇವತ್ತೇ ಹೂ ತಲುಪಬೇಕು, ತನಗೆ ರಜೆ ಇಲ್ಲ ಎಂದು ಅಂಗಲಾಚಿದ. ಮುನಿಲಕ್ಷ್ಮಿ ಮುಳಬಾಗಿಲಿನಲ್ಲಿ ಹೂವಿನಂಗಡಿ ಇಟ್ಟಿರುವ ಅಶ್ವತ್ಥಮ್ಮನಿಗೆ ಫೋನ್ ಮಾಡಿದಳು. ಅಶ್ವತ್ಥಮ್ಮ ಹೂ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಬೈರಕೂರಿನ ಬಸ್ಸಿನ ಕಂಡಕ್ಟರ್ ಕೈಗಿತ್ತರು. ಹೂ ಹೋದ ಬಸ್ಸು ತಿರುಗಿ ಬರುವಾಗ ಅದರಲ್ಲಿ ನಂದೀಶನ ಹೆಂಡತಿ ಕುಳಿತಿದ್ದಳು! ಇಲ್ಲಿಗೆ ಸುಮ್ಮನಿರಬೇಕಿತ್ತು. ನಾನು ಇದನ್ನು ಸಂಸ್ಥೆ ಮಾಡಿದೆ.

ಕೋಲಾರಕ್ಕೆ ಮುನಿಲಕ್ಷ್ಮಿ, ಮುಳಬಾಗಿಲಿಗೆ ಅಶ್ವತ್ಥಮ್ಮ, ಶ್ರೀನಿವಾಸಪುರಕ್ಕೆ ಚನ್ನರಾಯಪ್ಪ, ಮಾಲೂರಿಗೆ ಶಾಮಲಮ್ಮ. ಒಬ್ಬರಿಗೆ ಬಂದ ಆರ್ಡರನ್ನು ಇನ್ನೊಬ್ಬರು ಕಟ್ಟಿ ಮುಟ್ಟಿಸುವುದು. ಇದಕ್ಕೊಂದು ವಾಟ್ಸಾಪ್ ಗುಂಪು. ಜಾಹೀರಾತು ನನ್ನದೇ ಲೇಖನಿಯಿಂದ ಹರಿಯಿತು: "ಕೋಲಾರದಲ್ಲಿ ಹೇಳಿ, ಮುಳಬಾಗಿಲಿನಲ್ಲಿ ಮುಡಿಯಿರಿ! ಮಾಲೂರಿನಲ್ಲಿ ನೆನೆಯಿರಿ, ಶ್ರೀನಿವಾಸಪುರದಲ್ಲಿ ಘಮಘಮಿಸಿರಿ!" ಇದನ್ನು ಅಚ್ಚು ಹಾಕಿಸಿ ನಾಲ್ಕು ಊರಿನ ಬಸ್ಸುಗಳ ಕಿಟಕಿಗೆ ಅಂಟಿಸಿದೆ. ಅಂಗಡಿಗಳ ಬೋರ್ಡಿನ ವಿಷಯದಲ್ಲಿ ಮಾತ್ರ ಅವರು ನನ್ನ ಮಾತು ಕೇಳಲಿಲ್ಲ. ಚನ್ನರಾಯಪ್ಪ ತಮ್ಮ ಬೋರ್ಡಿನಲ್ಲಿ "ಪ್ರಧಾನ ಅಂಗಡಿ: ಶ್ರೀನಿವಾಸಪುರ. ಶಾಖೆಗಳು: ಕೋಲಾರ, ಮುಳಬಾಗಿಲು, ಮಾಲೂರು" ಎಂದು ಬರೆಸಿದರು. ಅದನ್ನು ಕಂಡ ಶಾಮಲಮ್ಮ ಮಾಲೂರನ್ನು ಪ್ರಧಾನ ಮಾಡಿ ಉಳಿದವರನ್ನು ಶಾಖೆ ಮಾಡಿದರು. ಅಶ್ವತ್ಥಮ್ಮ ಸುಮ್ಮನಿರುವವರೇ? ನಮ್ಮ ಬೋರ್ಡಿನಲ್ಲಂತೂ ಕೋಲಾರವೇ ಪ್ರಧಾನ. ಹೀಗೆ ನಮ್ಮದು ನಾಲ್ಕು ಪ್ರಧಾನ ಅಂಗಡಿಗಳೂ ಹನ್ನೆರಡು ಶಾಖೆಗಳೂ ಇರುವ ಬೃಹತ್ ಸಂಸ್ಥೆಯಾಯಿತು. ಅಂಗಡಿಗಳು ಒಟ್ಟು ನಾಲ್ಕೇ.

ಆಮೇಲೆ ಮೊಳದ ಜಗಳ ಬಂತು. ಚನ್ನರಾಯಪ್ಪ ಆರಡಿ ಆಳು. ಅವರ ಮೊಣಕೈಯಿಂದ ಬೆರಳ ತುದಿಗೆ ಅಳೆದ ಮೊಳ ಎಂದರೆ ಶಾಮಲಮ್ಮನ ಒಂದೂಕಾಲು ಮೊಳ. ಶ್ರೀನಿವಾಸಪುರದಲ್ಲಿ ಹೇಳಿ ಮಾಲೂರಿನಲ್ಲಿ ಪಡೆದವರು ಹೂ ಕಡಿಮೆ ಎಂದು ಗಲಾಟೆ ಮಾಡಿದರು. ಕೊನೆಗೆ ಮುನಿಲಕ್ಷ್ಮಿ ತನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಕೆಂಪು ದಾರ ಹಿಡಿದು ಮೂರು ತುಂಡು ಕತ್ತರಿಸಿ ಮೂರು ಊರಿಗೂ ಕಳಿಸಿದಳು. ಇನ್ನು ಮುಂದೆ ಮೊಳ ಎಂದರೆ ಇದೇ. ಈಗ ಮೂರೂ ಅಂಗಡಿಗಳ ಗೋಡೆಯ ಮೊಳೆಯಲ್ಲಿ ಆ ಕೆಂಪು ದಾರ ತೂಗುತ್ತದೆ. ನನ್ನ ಹೆಂಡತಿಯ ಕೈ ಮೂರು ಊರುಗಳಲ್ಲಿ ಗಾಳಿಗೆ ಆಡುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಅಮಲು.

ನಿಯಮಗಳನ್ನೂ ನಾನೇ ಬರೆದೆ. ಒಂದು ಊರಿಗೆ ಮುಟ್ಟಬೇಕಾದ ಹೂವನ್ನು ಆ ಊರಿನ ಅಂಗಡಿಯವರೇ ಕಟ್ಟಬೇಕು, ಹೊರಗಿನವರು ಕಳಿಸಕೂಡದು. ಆರ್ಡರ್ ಪಡೆದ ಅಂಗಡಿಯವರು ಗುಂಪಿನಲ್ಲಿ "ಆಗಲಿ" ಎಂದ ಮೇಲೆ ಅದನ್ನು ರದ್ದು ಮಾಡುವಂತಿಲ್ಲ. ಕೊಯ್ದ ಮೊಗ್ಗು ಯಾರಿಗೂ ಕಾಯುವುದಿಲ್ಲ. ಹೆಸರು ಗುಟ್ಟಾಗಿರಲಿ ಎಂದು ಗಿರಾಕಿ ಕೇಳಿಕೊಂಡರೆ ಯಾರೂ ಕೆದಕಬಾರದು. ಈ ಮೂರನ್ನು ಓದಿ ಹೇಳಿ, ನಾಲ್ವರ ಕೈಯನ್ನೂ ಮಲ್ಲಿಗೆ ಬುಟ್ಟಿಯ ಮೇಲೆ ಇಡಿಸಿ ಪ್ರಮಾಣ ಮಾಡಿಸಿದೆ. ಹೂವಿನವರಿಗೆ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಆ ಹೊತ್ತಿನಲ್ಲಿ ನಾನು ನನ್ನ ಕಣ್ಣಿಗೇ ಸಂವಿಧಾನ ಬರೆದವನಂತೆ ಕಂಡೆ!

ಸೋಮವಾರ ಬೆಳಗ್ಗೆ ಕಚೇರಿಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತು ಅಶ್ವತ್ಥಮ್ಮನಿಗೆ ಫೋನ್ ಮಾಡಿದೆ. ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಶ್ವತ್ಥಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನನ್ನ ಅನುಭವೀ ಮನಸ್ಸು ಎಚ್ಚರಿಸಿತು. "ನನ್ನ ಗೆಳೆಯನೊಬ್ಬ ಅವನ ಹೆಂಡತಿಗೆ ಹೂ ಕೊಡಬೇಕು ಅಂತಿದಾನೆ. ಶುಕ್ರವಾರ ಬೆಳಗ್ಗೆ, ಕೋಲಾರಕ್ಕೆ. ಒಂದು ಮೊಳ ಮಲ್ಲಿಗೆ, ಬಾಳೆನಾರಲ್ಲಿ ಕಟ್ಟಿ, ಮರುಗ ಸೇರಿಸಿ. ಕನಕಾಂಬರ ಬೇಡ. ಹೆಸರು ಮಾತ್ರ ಕೇಳಬೇಡಿ," ಎಂದೆ.

"ಏಮಯ್ಯಾ ಅಮರಣ್ಣಾ, ಒಳ್ಳೆ ಗಂಡ್ಸು ನಿನ್ನ ಗೆಳೆಯ! ಸರೇ, ಆಗ್ತೈತೆ ಬಿಡು," ಎಂದರು.

ನಾನು ತೇಲುತ್ತಾ ಅಂಗಡಿಗೆ ಹೋದೆ. ಮುನಿಲಕ್ಷ್ಮಿ ಚಹಾ ಬಸಿದು ಕೊಟ್ಟಳು. ಲೋಟ ತುಟಿಗಿಟ್ಟಿದ್ದೆನಷ್ಟೇ, ಅವಳ ಫೋನ್ ಕಿಣಿ ಎಂದಿತು. ಅಶ್ವತ್ಥಮ್ಮ ಬರೆಯುವುದಿಲ್ಲ, ಮಾತನ್ನೇ ಕಳಿಸುತ್ತಾರೆ. ಗುಂಡಿ ಒತ್ತಿದೊಡನೆ ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಅವರ ದನಿ ಮೊಳಗಿತು:

"ಮುನಿಲಕ್ಷ್ಮೀ, ನಿಮ್ಮೂರಿಗೆ ಒಂದು ಆರ್ಡರ್ ಕಣಮ್ಮಾ! ಶುಕ್ರವಾರ ಬೆಳಗ್ಗೆ, ಮಲ್ಲಿಗೆ ಒಂದು ಮೊಳ, ಮರುಗ ಹಾಕ್ಬೇಕು, ಬಾಳೆನಾರಲ್ಲೇ ಆಗ್ಬೇಕಂತೆ! ಯಾರೋ ಗಂಡ ಹೆಂಡ್ತಿಗೆ ಕೊಡೋದು. ಹೆಸ್ರು ಕೇಳ್ಬೇಡ ಅಂದವ್ನೆ, ನಾಚ್ಕೆ ಅವನ್ಗೆ!"

ಚಹಾ ನನ್ನ ಮೂಗಿಗೆ ಹೋಯಿತು. ನಿಯಮ ಒಂದು! ಕೋಲಾರಕ್ಕೆ ಮುಟ್ಟಬೇಕಾದ ಹೂವನ್ನು ಕೋಲಾರದವರೇ ಕಟ್ಟಬೇಕು! ಅಶ್ವತ್ಥಮ್ಮ ನನ್ನ ಸಂವಿಧಾನವನ್ನು ಅಕ್ಷರಶಃ ಪಾಲಿಸಿದ್ದರು.

ಮುನಿಲಕ್ಷ್ಮಿ ಆ ಮಾತನ್ನು ಇನ್ನೊಮ್ಮೆ ಕೇಳಿದಳು. ಆಮೇಲೆ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಕೆಮ್ಮು ಯಾಕೆ ಬಂತು?"

"ಚಹಾ ಬಿಸಿ."

"ಯಾವ ತಾಯಿ ಹೆತ್ತ ಮಗನೋ ಕಣ್ರೀ," ಎಂದು ನಿಟ್ಟುಸಿರು ಬಿಟ್ಟಳು. "ಹೆಂಡ್ತಿಗೆ ಬಾಳೆನಾರಿನ ಹೂವೇ ಬೇಕು ಅಂತ ನೆನಪಿಟ್ಟು ಹೇಳವ್ನೆ. ಇಂಥೋರೂ ಇರ್ತಾರೆ. ನಮಗೆಲ್ಲ ಆ ಪುಣ್ಯ ಎಲ್ಲಿ!"

"ಆಗಲಿ ಅನ್ನಬೇಡ, ಸ್ವಲ್ಪ ತಡಿ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು "ಆಗಲಿ" ಎಂದಾಗಿತ್ತು. ಇನ್ನು ಬ್ರಹ್ಮನೂ ರದ್ದು ಮಾಡುವಂತಿಲ್ಲ.

ಮಂಗಳವಾರ ಫೋನನ್ನು ನಂಬದೆ ಖುದ್ದಾಗಿ ಶ್ರೀನಿವಾಸಪುರಕ್ಕೆ ಹೊರಟೆ. ಕಚೇರಿಯಲ್ಲಿ ಮಾವಿನ ತೋಪುಗಳ ಬಗ್ಗೆ ವರದಿ ಎಂದು ಹೇಳಿದೆ. ವರದಿಗೆ ಬೇಕಾದ ತೋಪುಗಳು ಬಸ್ಸಿನ ಎರಡೂ ಬದಿಗೆ ತಾವಾಗಿಯೇ ಬಂದವು. ಸುಗ್ಗಿ ಮುಗಿದ ಮರಗಳು ಕೊಂಬೆ ಇಳಿಬಿಟ್ಟು ಸುಮ್ಮನೆ ನಿಂತಿದ್ದವು. ಕಿಟಕಿಗೆ ತಲೆ ಒರಗಿಸಿದೆ. ಅರೆನಿದ್ದೆಯಲ್ಲಿ ಒಂದು ಮಲ್ಲಿಗೆ ಸರ ಕಂಡಿತು. ಅದರ ಒಂದು ತುದಿ ಮಾಲೂರಿನಲ್ಲಿ, ಇನ್ನೊಂದು ತುದಿ ಮುಳಬಾಗಿಲಿನಲ್ಲಿ. ನಡುವೆ ಕೆರೆಗಳ ಮೇಲೆ, ಟೊಮೆಟೊ ಹೊಲಗಳ ಮೇಲೆ, ಹೆದ್ದಾರಿಯ ಲಾರಿಗಳ ಮೇಲೆ ಅದು ಜೋಕಾಲಿಯಂತೆ ತೂಗುತ್ತಿತ್ತು. ಅದರ ಕೆಳಗೆ ಮುನಿಲಕ್ಷ್ಮಿ ಬರಿಗೈಯಲ್ಲಿ ನಿಂತು ತಲೆ ಎತ್ತಿ ಉಸಿರು ಎಳೆದುಕೊಳ್ಳುತ್ತಿದ್ದಳು. "ವಾಸನೆ ಬರ್ತದೆ ಕಣ್ರೀ," ಎನ್ನುತ್ತಿದ್ದಳು. ಕಂಡಕ್ಟರ್ ಭುಜ ತಟ್ಟಿ, ಇಳಿಯುವ ಊರು ಬಂತು ಎಂದಾಗ ನಾನು ಅವರಿಗೆ "ಆಗಲಿ" ಎಂದೆ.

ಚನ್ನರಾಯಪ್ಪ ತಮ್ಮ ಪ್ರಧಾನ ಅಂಗಡಿಯಲ್ಲಿ ಸೇವಂತಿಗೆಗೆ ನೀರು ಚಿಮುಕಿಸುತ್ತಿದ್ದರು. ಅದೇ ಗೆಳೆಯ, ಅದೇ ಹೆಂಡತಿ, ಅದೇ ಬಾಳೆನಾರು. "ಆದರೆ ನೀವೇ ಕಟ್ಟಬೇಕು. ನಿಮ್ಮ ಕೈಚಳಕ ಬೇರೆ ಯಾರಿಗಿದೆ?" ಎಂದು ಉಬ್ಬಿಸಿದೆ.

"ನೀವು ಹೇಳ್ಬೇಕಾ ಸಾರ್?" ಎಂದರು ಚನ್ನರಾಯಪ್ಪ, ಗೋಡೆಯ ಕೆಂಪು ದಾರದ ಕಡೆ ಕೈ ತೋರಿಸುತ್ತ. "ಅಕ್ಕನ ಮೊಳದಲ್ಲೇ ಒಂದು. ನಾರು, ಮರುಗ. ಬರ್ಕೊಂಡೆ. ನೀವು ನೆಮ್ಮದಿಯಾಗಿ ಹೋಗಿ." ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎಂಥ ಗಂಭೀರ ಮನುಷ್ಯ ಎಂದು ಮೆಚ್ಚಿಕೊಂಡೆ.

ನಾನು ಕೋಲಾರದಲ್ಲಿ ಇಳಿಯುವ ಮೊದಲೇ ಆರ್ಡರ್ ಇಳಿದಿತ್ತು.

"ರೀ, ಇನ್ನೊಬ್ಬ!" ಎಂದಳು ಮುನಿಲಕ್ಷ್ಮಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದು. "ಅದೇ ಶುಕ್ರವಾರ, ಅದೇ ನಾರು, ಅದೇ ಮರುಗ. ಇವ್ನೂ ಹೆಸ್ರು ಹೇಳಲ್ವಂತೆ."

"ಏನೋ... ಕಾಕತಾಳೀಯ."

"ಇಬ್ರು ಗಂಡಂದಿರು ಒಂದೇ ದಿನ ಹೆಂಡ್ತಿ ನೆನೆಸ್ಕೊಂಡವ್ರೆ ಕಣ್ರೀ. ಕೋಲಾರಕ್ಕೆ ಏನೋ ಆಗದೆ!"

ಈಗ ಪರಿಸ್ಥಿತಿಯನ್ನು ಶಾಂತವಾಗಿ ಅವಲೋಕಿಸೋಣ. ಅವಳಿಗೆ ಒಂದು ದಿನವಾದರೂ ಬೇರೆಯವರು ಕಟ್ಟಿದ ಹೂ ಸಿಗಲಿ ಎಂದು ನಾನು ಹೊರಟಿದ್ದೆ. ಎರಡು ದಿನಗಳ ನನ್ನ ಶ್ರಮದ ಫಲವಾಗಿ, ಮದುವೆಯ ಬೆಳ್ಳಿಹಬ್ಬದ ಬೆಳಗ್ಗೆ ಅವಳು ಸೀಳಿದ ಬೆರಳಲ್ಲಿ ಎರಡು ಮೊಳ ಹೆಚ್ಚು ಕಟ್ಟಬೇಕಾಗಿತ್ತು. ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಬುಧವಾರ ಮಾಲೂರಿಗೆ ಹೋದೆ.

ಶಾಮಲಮ್ಮನ ಮುಂದೆ ಮುಚ್ಚುಮರೆ ಬಿಟ್ಟು ಅರ್ಧ ಸತ್ಯ ಹೇಳಿದೆ. "ಶಾಮಲಮ್ಮ, ಗುಂಪಿಗೆ ಹಾಕಬೇಡಿ. ಗುಟ್ಟಾಗಿ ಕಟ್ಟಿಡಿ. ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೆ ನಾನೇ ಬಂದು ತಗೊಂಡು ಹೋಗ್ತೀನಿ."

ಶಾಮಲಮ್ಮ ಕೈಯಲ್ಲಿದ್ದ ಕಾಕಡ ಹೂವಿನ ಸರವನ್ನು ಕೆಳಗಿಟ್ಟರು. "ಸಾರ್, ಕೋಲಾರದಲ್ಲಿ ಮುಡಿಯೋ ಹೂವಾ?"

"ಹೌದು."

"ಹಂಗಾದ್ರೆ ನಾನು ಹೆಂಗೆ ಕಟ್ಲಿ? ಮಲ್ಲಿಗೆ ಬುಟ್ಟಿ ಮುಟ್ಟಿ ಪ್ರಮಾಣ ಮಾಡಿಸಿದೋರು ನೀವೇ ಅಲ್ವಾ? 'ಹೊರಗಿನವರು ಕಳಿಸಕೂಡದು' ಅಂತ ಪುಸ್ತಕದ ಭಾಷೇಲಿ ಹೇಳ್ಕೊಟ್ರಿ. ಹೂವಿನ ಮೇಲೆ ಆಣೆ ಇಟ್ಟು ತಪ್ಪಿದ್ರೆ ನಾಳೆಯಿಂದ ನನ್ನ ಮೊಗ್ಗು ಅರಳ್ತದಾ ಸಾರ್?"

"ಈ ಒಂದು ಸಲ..."

"ಒಂದು ಸಲ ಅಂತ ಚನ್ನರಾಯಪ್ಪನೋರು ನಮ್ಮೂರಿಗೆ ಹೂ ಕಳಿಸಿದಾಗ್ಲೇ ಅಲ್ವಾ ನೀವು ಈ ನಿಯಮ ಮಾಡಿದ್ದು? ನಾನು ಜಗಳ ಆಡಿದ್ದು ಪೇಪರಲ್ಲೂ ಹಾಕ್ತೀನಿ ಅಂದಿದ್ರಿ!"

ನನ್ನ ಸಂವಿಧಾನಕ್ಕೆ ಇಷ್ಟು ನಿಷ್ಠಾವಂತ ಪ್ರಜೆಗಳು ಸಿಕ್ಕಿದ್ದರ ಬಗ್ಗೆ ಬೇರೆ ಯಾವ ದಿನವಾದರೂ ಹೆಮ್ಮೆ ಪಡುತ್ತಿದ್ದೆ. ಶಾಮಲಮ್ಮ ನನ್ನೆದುರಿಗೇ ಆರ್ಡರನ್ನು ಗುಂಪಿಗೆ ಹಾಕಿದರು. ಅರ್ಧ ನಿಮಿಷದಲ್ಲಿ ಕೋಲಾರದಿಂದ ಉತ್ತರ ಬಂತು: "ಆಗಲಿ." ಅದರ ಕೆಳಗೆ, ನನ್ನ ಹೆಂಡತಿ ಸಾಮಾನ್ಯವಾಗಿ ಬಳಸದ, ಕಣ್ಣಲ್ಲಿ ನೀರು ಬರುವಷ್ಟು ನಗುವ ಒಂದು ಹಳದಿ ಮುಖ. ಕೈ ತಪ್ಪಿ ಒತ್ತಿರಬೇಕು ಎಂದುಕೊಂಡೆ. ಸುದ್ದಿಯ ಮೂಲವನ್ನು ವಾಸನೆಯಿಂದ ಹೇಳಬಲ್ಲ ನಾನು!

ಗುರುವಾರ ಸಂಜೆ ಅವಳು ಬಾಳೆಯ ದಿಂಡು ತರಿಸಿ, ಪಟ್ಟೆ ಸುಲಿದು, ನಾರು ಸೀಳುತ್ತ ಕುಳಿತಿದ್ದಳು. ಒಣ ನಾರು ತುಂಡಾಗುತ್ತದೆಂದು ಅದನ್ನು ಬೇಸಿನ್ನಿನ ನೀರಿಗೆ ಹಾಕಿದಳು. ಸಂಜೆಗೆಂಪಿನಲ್ಲಿ ನಾರು ರೇಷ್ಮೆಯಂತೆ ತೇಲುತ್ತಿತ್ತು.

"ಮೂರೂ ಜನ ಬಾಳೆನಾರೇ ಕೇಳವ್ರೆ," ಎಂದಳು, ನೀರನ್ನು ಬೆರಳಲ್ಲಿ ಕಲಕುತ್ತ. "ಇಪ್ಪತ್ತು ವರ್ಷದಿಂದ ಈ ಊರಲ್ಲಿ ಒಬ್ರೂ ಕೇಳಿರ್ಲಿಲ್ಲ. ಇದೇನಿರ್ಬಹುದು? ನೀವು ಪೇಪರ್‌ನೋರು, ನಿಮಗೆ ಗೊತ್ತಾಗ್ಬೇಕು."

ಈಗ ನೆನೆದರೆ ಅವಳು ನನಗೆ ಬಾಗಿಲು ತೆರೆದು ಹಿಡಿದಿದ್ದಳು. ಒಳಗೆ ಹೋಗುವ ಬದಲು ನಾನು ಬಾಗಿಲಿನ ಮೇಲೆ ಉಪನ್ಯಾಸ ಕೊಟ್ಟೆ. "ಜನ ಮತ್ತೆ ಹಳೆಯದರ ಕಡೆ ತಿರುಗ್ತಿದಾರೆ ಕಣೇ. ನೂಲಿನ ದಾರ ಬೇಸರವಾಗಿದೆ. ಇದೊಂದು ಹೊಸ ಅಲೆ. 'ಬಾಳೆನಾರಿಗೆ ಮರಳಿದ ಕೋಲಾರ' ಅಂತ ಒಂದು ವಿಶೇಷ ವರದಿನೇ ಮಾಡಬಹುದು!"

"ಮಾಡಿ," ಎಂದಳು ಮುನಿಲಕ್ಷ್ಮಿ. "ಫೋಟೋಗೆ ನಿಮ್ದೇ ಹಾಕಿ."

ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಎಚ್ಚರವಾಯಿತು. ಹೂವಿನ ಮಾರುಕಟ್ಟೆಗೆ ನಾಲ್ಕಕ್ಕೇ ಹೊರಡುವ ಹೆಂಡತಿ ಪಕ್ಕದಲ್ಲಿ ಹೊದ್ದು ಮಲಗಿದ್ದಳು. ಮದುವೆಯಾದ ಮೇಲೆ ಸೂರ್ಯನ ಬೆಳಕಿನಲ್ಲಿ ಅವಳು ನಿದ್ದೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

"ಲೇ, ಏಳೇ! ಮೂರು ಆರ್ಡರ್ ಇದೆ!"

"ಅಂಗಡಿಗೆ ಇದೆ. ನನಗೆ ಇವತ್ತು ರಜೆ."

"ರಜೆನಾ? ಯಾರು ಕೊಟ್ರು?"

"ಇಪ್ಪತ್ತೆರಡು ವರ್ಷ ಯಾರಾದ್ರೂ ಕೊಡ್ತಾರೇನೋ ಅಂತ ಕಾದೆ. ನಾನೇ ತಗೊಂಡೆ."

ಮಹಾಮಂಡಲ ಕಟ್ಟಿದೆ, ಎರಡು ಊರು ತಿರುಗಿದೆ. ಒಂದು ದಿನ ಅಂಗಡಿಗೆ ಹೋಗಬೇಡ ಎಂಬ ನಾಲ್ಕು ಪದ ನನಗೆ ಹೊಳೆದಿರಲಿಲ್ಲ.

"ಹೂ ಯಾರು ಕಟ್ತಾರೆ ಹಾಗಾದ್ರೆ?"

"ಕೋಲಾರದ ಹೂವನ್ನ ಯಾರು ಕಟ್ಬೇಕು?"

"ಕೋಲಾರದ ಅಂಗಡಿಯೋರು."

"ನಿಯಮ ಬರೆದಿದ್ದು?"

"ನಾನು."

"ಅಂಗಡಿಯೋರು ಅಂದ್ರೆ ನಾನು, ನೀವು. ನನಗೆ ರಜೆ." ಅವಳು ಮಗ್ಗುಲು ಬದಲಿಸಿದಳು. "ಬೀಗದ ಕೈ ಮೊಳೇಲಿ ಅದೆ. ಮೊಗ್ಗು ಗೋಣಿತಾಟಲ್ಲಿ ಸುತ್ತಿಟ್ಟಿದೀನಿ. ನಾರು ನೆನೆದದೆ. ಹೋಗ್ಬನ್ನಿ."

ಅಂಗಡಿ ತೆರೆದವನೇ ಬೆವರುತ್ತಾ ಅಶ್ವತ್ಥಮ್ಮನಿಗೆ ಫೋನ್ ಮಾಡಿದೆ. ಸತ್ಯವನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಹೇಗಾದರೂ ಹೂ ಕಟ್ಟಿ ಕಳಿಸಿ ಎಂದು ಬೇಡಿಕೊಂಡೆ. ಆ ಕಡೆಯಿಂದ ನಗು, ಆಮೇಲೆ ಕೆಮ್ಮು, ಮತ್ತೆ ನಗು.

"ಏಮಯ್ಯಾ, ದೇವ್ರು ನಿಂಗೆ ಕೈ ಕೊಟ್ಟಿರೋದು ಬರೀ ಪೆನ್ನು ಹಿಡಿಯಾಕಾ? ಕಟ್ಟು!"

"ನಿಮಗೆ ಮೊದಲೇ ಗೊತ್ತಿತ್ತಾ?"

"ಸೋಮವಾರ ಸಂಜೇನೇ ನಿನ್ನೆಂಡ್ತಿ ಫೋನ್ ಮಾಡಿದ್ಲು. ಬಾಳೆನಾರು ಅಂದಿದ್ದಕ್ಕೇ ಕಂಡ್ಕೊಂಡವ್ಳೆ. ಚನ್ನರಾಯಪ್ಪಂಗೂ ಶಾಮಲಂಗೂ ಆಗ್ಲೇ ಹೇಳಿಟ್ಟಿದ್ಲು. 'ಬರ್ತಾರೆ, ಕಟ್ಬೇಡಿ, ಆರ್ಡರ್ ನನಗೇ ಕಳ್ಸಿ, ನಗ್ಬೇಡಿ' ಅಂತ. ಚನ್ನರಾಯಪ್ಪ ನೀನು ಹೋದ್ಮೇಲೆ ಅರ್ಧ ಗಂಟೆ ನಕ್ಕನಂತೆ! ನಮ್ಗೆಲ್ಲ ಪ್ರಮಾಣ ಐತೆ ಕಣಪ್ಪಾ. ಮಾಡ್ಸಿದೋನು ನೀನು, ಮಾಡ್ದೆ ಇರೋನೂ ನೀನೊಬ್ಬನೇ. ಕಟ್ಟು, ಕಟ್ಟು."

ಕುಳಿತೆ. ಇಪ್ಪತ್ತೆರಡು ವರ್ಷ ನೋಡಿದ್ದೇನೆ. ನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಬೇಕು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಕುಣಿಕೆ, ಎಳೆತ. ನೋಡುವುದಕ್ಕೆ ಉಸಿರಾಡಿದಷ್ಟು ಸುಲಭ. ನಾನು ಮೆಲ್ಲಗೆ ಎಳೆದರೆ ಮೊಗ್ಗು ಜಾರಿ ಬಿತ್ತು. ಬಿಗಿಯಾಗಿ ಎಳೆದರೆ ಕತ್ತು ತುಂಡಾಗಿ ಬಿತ್ತು. ಇನ್ನೂ ಬಿಗಿಯಾಗಿ ಎಳೆದರೆ ನಾರೇ ಹರಿದು ಹೆಬ್ಬೆರಳು ಬಿಡುಗಡೆ ಹೊಂದಿತು. ಒಂದು ಗಂಟೆಯಲ್ಲಿ ನನ್ನ ಸುತ್ತ ಸತ್ತ ಮೊಗ್ಗುಗಳ ರಣರಂಗ! ದಿನವೂ ಪೂಜೆಗೆ ಹೂ ಒಯ್ಯುವ ವೆಂಕಟರತ್ನಮ್ಮ ಬಂದು ಬಗ್ಗಿ ನೋಡಿದರು.

"ಹೂವಮ್ಮ ಎಲ್ಲಪ್ಪಾ?"

"ರಜೆ."

"ನೀನೇನು, ಬಲೆ ಹೆಣೀತಿದೀಯಾ?"

ಅವರು ಬಿಡಿ ಹೂವನ್ನೇ ಎಲೆಯಲ್ಲಿ ಸುತ್ತಿಸಿಕೊಂಡು ಹೋದರು. ಇನ್ನೆರಡು ತಾಸು ಕಳೆಯಿತು. ಬಿಸಿಲು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಏರಿ, ಅಂಗಡಿಯೆಲ್ಲ ಮತ್ತೆ ಆ ಭಾನುವಾರದ ಹಳದಿಯಾಯಿತು. ಯಾವುದೋ ಹೊತ್ತಿನಲ್ಲಿ ಬಸ್ಸುಗಳ ಸದ್ದು ದೂರವಾಯಿತು. ಎರಡು ಈ ಕಡೆ, ಎರಡು ಆ ಕಡೆ, ಮರುಗದ ಒಂದು ಕುಡಿ. ಅವಳು ಕಣ್ಣು ಮುಚ್ಚಿ ಏಕೆ ಕಟ್ಟುತ್ತಾಳೆ ಎಂಬುದು ಆಗ ತಿಳಿಯಿತು. ಕಣ್ಣು ತೆರೆದರೆ ಇನ್ನೂ ಎಷ್ಟು ಮೊಗ್ಗು ಉಳಿದಿದೆ ಎಂಬುದು ಕಾಣುತ್ತದೆ.

"ಏನಪ್ಪಾ ಹೂವಿನೋನೇ!"

ತಲೆ ಎತ್ತಿದೆ. ಅಂಗಡಿಯ ಹೊರಗೆ, ಗಿರಾಕಿಗಳು ನಿಲ್ಲುವ ಕಲ್ಲಿನ ಮೇಲೆ, ಹಸಿರು ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು ನಿಂತಿದ್ದಳು. ತಲೆಗೆ ಸ್ನಾನ ಮಾಡಿ ಸಡಿಲವಾಗಿ ಹೆಣೆದ ಜಡೆ, ಮುಡಿ ಖಾಲಿ. ಅವಳನ್ನು ಅಂಗಡಿಯ ಒಳಗಿನಿಂದ ನೋಡಿದ್ದು ನನ್ನ ಜೀವನದಲ್ಲೇ ಮೊದಲು. ಯಾರ ಮನೆಯ ಹೆಂಗಸೋ ಇಷ್ಟು ಚೆನ್ನಾಗಿದ್ದಾಳೆ ಎಂದು ಒಂದು ಕ್ಷಣ ಅನ್ನಿಸಿಯೇಬಿಟ್ಟಿತು.

"ಮೂರು ಆರ್ಡರ್ ಇತ್ತಲ್ಲ, ಆಯ್ತಾ?"

"ಒಂದು ಆಗಿದೆ ಅಮ್ಮಾ," ಎಂದೆ ತಲೆತಗ್ಗಿಸಿ, "ಮೂರೂ ಒಬ್ಬರಿಗೇ."

ಅವಳು ಸರವನ್ನು ತೆಗೆದುಕೊಂಡು ಮೊಣಕೈಗೆ ಹಿಡಿದು ಅಳೆದಳು. ಅದು ಅಂಗೈಯಲ್ಲೇ ಮುಗಿದುಹೋಯಿತು.

"ಮುಕ್ಕಾಲು ಮೊಳ."

"ಹೂವು ಮುಗೀತು."

"ಎರಡು ಸೇರು ಮೊಗ್ಗು ಇಟ್ಟಿದ್ದೆ ಕಣ್ರೀ!"

ನಾನು ನೆಲದ ಕಡೆ ನೋಡಿದೆ. ಅವಳೂ ನೋಡಿದಳು. ತಿರುಗಿ ನಿಂತು, ಜಡೆ ಮುಂದಕ್ಕೆ ಹಾಕಿಕೊಂಡು, ಸರವನ್ನೂ ಹೇರ್‌ಪಿನ್ನನ್ನೂ ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು. ಬಸ್ ನಿಲ್ದಾಣದ ಎದುರು, ಆಟೋದವರ ಎದುರು, ನಾನು ಮುಡಿಸಿದೆ. ಅವಳು ಅಲುಗದೆ ನಿಂತಳು. ಆಮೇಲೆ ಉದ್ದವಾಗಿ ಒಂದು ಉಸಿರು ಎಳೆದುಕೊಂಡಳು.

"ಬರ್ತದೆ," ಎಂದಳು ಮೆಲ್ಲಗೆ.

"ಏನು?"

"ವಾಸನೆ."

ನಾನು ಮಾತಾಡುವಷ್ಟರಲ್ಲಿ ಅವಳು ಎಂದಿನ ದನಿಗೆ ಮರಳಿದ್ದಳು. "ಅಶ್ವತ್ಥಮ್ಮ ಊಟಕ್ಕೆ ಕರೆದವ್ರೆ, ಒಬ್ಬಟ್ಟು ಮಾಡವ್ರಂತೆ. ಚನ್ನರಾಯಪ್ಪ, ಶಾಮಲಮ್ಮಾನೂ ಬರ್ತಾರೆ. ನಾನು ಮುಳಬಾಗಿಲಿಗೆ ಹೋಗ್ಬರ್ತೀನಿ."

"ನಾನು?"

"ಅಂಗಡಿ ಯಾರು ನೋಡ್ಕೊಳ್ತಾರೆ?"

ಅವಳು ರಸ್ತೆ ದಾಟಿ ನಡೆದಳು. ಹತ್ತು ಹೆಜ್ಜೆಗೆ ಒಂದು ಮೊಗ್ಗು ಬಿತ್ತು. ಇನ್ನು ಹತ್ತು ಹೆಜ್ಜೆಗೆ ಎರಡು. ಬಸ್ಸಿನವರೆಗೂ ಬೆಳ್ಳಗೆ ಒಂದು ದಾರಿಯೇ ಮೂಡಿತು. ಮೆಟ್ಟಿಲ ಬಳಿ ಅವಳು ನಿಂತು, ಬಗ್ಗಿ, ಬಿದ್ದ ಒಂದನ್ನು ಎತ್ತಿ ಮೂಗಿಗೆ ಹಿಡಿದು, ಅಂಗೈಯಲ್ಲಿ ಮುಚ್ಚಿಕೊಂಡು ಹತ್ತಿದಳು. ಬಸ್ಸು ಹೊರಟಿತು. ನಾನು ಕನಸಿನಲ್ಲಿ ಕಂಡ ಸರದ ಕೆಳಗೆ ಆ ಬಸ್ಸು ಹೋಗುತ್ತಿರುವಂತೆ ನೋಡುತ್ತ ಕುಳಿತೆ.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಫೋನ್ ಕಿಣಿ ಎಂದಿತು. ಮುನಿಲಕ್ಷ್ಮಿಯ ದನಿ, ಹಿಂದೆ ಮೂವರ ನಗು:

"ಗುಂಪಿನೋರಿಗೆಲ್ಲ ನಮಸ್ಕಾರ. ಮುಳಬಾಗಿಲಿಂದ ಕೋಲಾರದ ಅಂಗಡಿಗೆ ಒಂದು ಆರ್ಡರ್. ಮಲ್ಲಿಗೆ, ಮರುಗ, ಬಾಳೆನಾರು, ಪೂರ್ತಿ ಒಂದು ಮೊಳ. ಮುಂದಿನ ವರ್ಷ ಇದೇ ದಿನಕ್ಕೆ. ಕಟ್ಟೋರು ಇವತ್ತಿಂದ್ಲೇ ಶುರು ಮಾಡಿದ್ರೆ ಆಗ್ಬಹುದು."

ಕೋಲಾರದ ಅಂಗಡಿಯಲ್ಲಿ ಆಗ ಇದ್ದವನು ನಾನೊಬ್ಬನೇ. "ಆಗಲಿ" ಎಂದು ಒತ್ತಿದೆ. ಇನ್ನು ರದ್ದು ಮಾಡುವಂತಿಲ್ಲ. ನಿಯಮ ಬರೆದವನು ನಾನೇ!